ಅಂಗಾತ ಎನ್ನಲು ಯಾರ ಅಪ್ಪಣೆ ಬೇಕು?

ಕನ್ನಡದಲ್ಲಿ ಅನಾಟಮಿ ಹೇಳಲು ಬರುವುದಿಲ್ಲ ಎಂಬ ಮಾತನ್ನು ನಾನು ಇಪ್ಪತ್ತು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಹೇಳುವವರು ಕನ್ನಡದ ಶತ್ರುಗಳೇನಲ್ಲ. ನವೆಂಬರಿನಲ್ಲಿ ಆಸ್ಪತ್ರೆಯ ಅಂಗಳದಲ್ಲಿ ಬಾವುಟ ಹಾರಿಸುವವರು, ಮನೆಯಲ್ಲಿ ತೇಜಸ್ವಿಯವರನ್ನೋ ಭೈರಪ್ಪನವರನ್ನೋ ಓದುವವರು. ವಾರ್ಡಿಗೆ ಬಂದ ಕೂಡಲೇ ಅವರಿಗೆ ಅನ್ನಿಸುವುದು ಇಷ್ಟು: ಪ್ರೀತಿ, ಕಾವ್ಯ, ಜಗಳ ಇವಕ್ಕೆಲ್ಲ ಕನ್ನಡ ಸಾಕು, ಮೊಣಕಾಲಿಗೆ ಮಾತ್ರ ಇಂಗ್ಲಿಷ್ ಬೇಕು.

ನಾನು ಫಿಸಿಯೋಥೆರಪಿಸ್ಟ್. ಜನರ ಕೈಕಾಲು ಮಡಚಿಸುವುದು, ಚಾಚಿಸುವುದು, ಎತ್ತಿಸುವುದು, ಹೊರಳಿಸುವುದು ನನ್ನ ಹೊಟ್ಟೆಪಾಡು. ಈ ಕೆಲಸವನ್ನು ಕನ್ನಡ ಬಿಟ್ಟು ಬೇರೆ ಭಾಷೆಯಲ್ಲಿ ಮಾಡಿದ್ದರೆ ನಮ್ಮ ತಾಲೂಕಿನಲ್ಲಿ ನನ್ನ ಬಾಗಿಲು ಎಂದೋ ಮುಚ್ಚಿರುತ್ತಿತ್ತು. ಆದ್ದರಿಂದ 'ಬರುವುದಿಲ್ಲ' ಎನ್ನುವವರ ಜೊತೆ ನನಗಿರುವುದು ಅಭಿಮಾನದ ತಕರಾರಲ್ಲ, ಕಸುಬಿನ ತಕರಾರು. ದೇಹದ ದಿಕ್ಕು, ಸೀಳು, ಚಲನೆ ಈ ಮೂರನ್ನೂ ಹೇಳುವ ಮಾತು ನಮ್ಮಲ್ಲಿ ಮೊದಲೇ ಇದೆ. ಅದನ್ನು ತರಗತಿಗೆ ಒಳಬಿಡದೆ ಬಾಗಿಲಲ್ಲಿ ನಿಲ್ಲಿಸಿರುವವರು ನಾವು, ಅಂದರೆ ಓದಿಕೊಂಡವರು. ಅದರ ಬೆಲೆ ತೆರುತ್ತಿರುವವರು ರೋಗಿಗಳು.

ಅನಾಟಮಿಯ ಮೊದಲ ಪಾಠದಿಂದಲೇ ಶುರು ಮಾಡೋಣ. ದೇಹದ ಯಾವ ಭಾಗದ ಬಗ್ಗೆ ಮಾತಾಡುವ ಮೊದಲೂ ಒಂದು ಒಪ್ಪಂದ ಬೇಕು: ಆ ದೇಹ ಹೇಗೆ ನಿಂತಿದೆ ಅಂದುಕೊಂಡು ಮಾತಾಡುತ್ತಿದ್ದೇವೆ? ಜಗತ್ತಿನ ಎಲ್ಲ ವೈದ್ಯರೂ ಒಪ್ಪಿರುವ ನಿಲುವು ಒಂದೇ. ನೆಟ್ಟಗೆ ನಿಂತು ಮುಂದೆ ನೋಡುತ್ತಿರಬೇಕು, ತೋಳು ಎರಡು ಪಕ್ಕಕ್ಕೆ ಇಳಿಬಿಟ್ಟಿರಬೇಕು, ಪಾದ ಜೋಡಿಸಿರಬೇಕು, ಅಂಗೈ ಪೂರ್ತಿ ಮುಂದಕ್ಕೆ ತಿರುಗಿ ಹೆಬ್ಬೆರಳು ಹೊರಗಡೆ ಇರಬೇಕು. ಅಂಗೈಯ ಷರತ್ತು ಏಕೆಂದರೆ, ಆಗ ಮಾತ್ರ ಮುಂಗೈಯ ಎರಡು ಮೂಳೆಗಳು ಪಕ್ಕಪಕ್ಕ ನಿಲ್ಲುತ್ತವೆ; ಅಂಗೈ ಹಿಂದಕ್ಕೆ ತಿರುಗಿಸಿದರೆ ಒಂದರ ಮೇಲೊಂದು ಅಡ್ಡ ಬರುತ್ತವೆ. ಕನ್ನಡದವರಿಗೆ ಈ ನಿಲುವನ್ನು ಚಿತ್ರ ಬರೆದು ತೋರಿಸಬೇಕೇ? ಶ್ರವಣಬೆಳಗೊಳದ ಬೆಟ್ಟದ ಮೇಲೆ ಸುಮಾರು 58 ಅಡಿ ಎತ್ತರದಲ್ಲಿ ಸಾವಿರ ವರ್ಷದಿಂದ ಗೊಮ್ಮಟ ನಿಂತಿದ್ದಾನಲ್ಲ. ಅಂಗೈ ಮುಂದೆ ಮಾಡಿದ ಗೊಮ್ಮಟ ಎಂದರೆ ಪಾಠದ ಮೊದಲ ಪುಟ ಮುಗಿಯಿತು.

ಎರಡನೆಯ ಪುಟದಲ್ಲಿ ಹೊಸ ವಿದ್ಯಾರ್ಥಿಗಳು ಎಡವುವುದು ಎಡಬಲದಲ್ಲಿ. ಎಡ ಎಂದರೆ ರೋಗಿಯ ಎಡ, ನೋಡುವವರ ಎಡವಲ್ಲ. ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದಾಗಲೂ ಅಷ್ಟೇ, ರೋಗಿಯ ಎಡಗಡೆ ನಮ್ಮ ಬಲಗಡೆಗೆ ಬರುತ್ತದೆ. ಇದು ಮರೆತರೆ ಎಷ್ಟು ಅನಾಹುತ ಎಂದರೆ, ಶಸ್ತ್ರಕ್ರಿಯೆಗೆ ಮೊದಲು ಸರಿಯಾದ ಮಗ್ಗುಲಿಗೆ ಗುರುತು ಹಾಕಿದೆಯೇ ಎಂದು ಖಚಿತಪಡಿಸಿಕೊಳ್ಳುವುದನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ಸುರಕ್ಷತಾ ಪಟ್ಟಿಯಲ್ಲೇ ಸೇರಿಸಿದೆ. ಈ ನಿಯಮ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಬಾದಾಮಿಯ ಮೊದಲ ಗುಹೆಯ ಅರ್ಧನಾರೀಶ್ವರನ ಮುಂದೆ ನಿಂತು 'ಎಡಗಡೆ ಪಾರ್ವತಿ' ಎಂದು ಯಾರಾದರೂ ಹೇಳಿದರೆ ಅವರ ಬೆರಳು ತಮ್ಮ ಬಲಗಡೆಗೆ ಹೋಗುತ್ತದೆ. ದೇವರ ಎಡ, ಭಕ್ತರ ಎಡವಲ್ಲ. ಗೊಮ್ಮಟ ಉತ್ತರಕ್ಕೆ ಮುಖ ಮಾಡಿದ್ದಾನೆ, ಅವನ ಬಲಗೈ ಪೂರ್ವದ ಕಡೆಗಿದೆ. ಎದುರು ನಿಂತು ಕೈಮುಗಿಯುವವನ ಬಲಗೈ ಪಶ್ಚಿಮಕ್ಕಿರುತ್ತದೆ. ಇದರಲ್ಲಿ ಯಾರಿಗೂ ಗೊಂದಲವಾದದ್ದನ್ನು ನಾನು ಕಂಡಿಲ್ಲ.

ಈಗ ಮೇಲೆ, ಕೆಳಗೆ. ಇಲ್ಲಿ ನಿಜವಾದ ತೊಡಕಿದೆ, ಮತ್ತು ಅದು ಕನ್ನಡದ ತೊಡಕಲ್ಲ. ನಿಂತ ಮನುಷ್ಯನಿಗೆ ಮೇಲೆ ಎಂದರೆ ತಲೆ. ಹಸುವಿಗೆ ಮೇಲೆ ಎಂದರೆ ಬೆನ್ನು. ಮಂಚದ ಮೇಲೆ ಮಲಗಿದವರಿಗೆ ಮೇಲೆ ಎಂದರೆ ಹೊಟ್ಟೆಯೂ ಆಗಬಹುದು, ತಲೆಯೂ ಆಗಬಹುದು. ಇಂಗ್ಲಿಷಿನವರಿಗೂ ಇದೇ ತಲೆನೋವಿತ್ತು. 1803ರಲ್ಲಿ ಎಡಿನ್‌ಬರೋದ ಜಾನ್ ಬಾರ್‌ಕ್ಲೇ ಎಂಬ ಅನಾಟಮಿ ಮೇಷ್ಟ್ರು ಈ ಗೋಜಲಿಗೆ ರೋಸಿಹೋಗಿ ದೇಹದ ದಿಕ್ಕುಗಳಿಗೇ ಹೊಸ ಹೆಸರುಗಳ ಒಂದು ಪುಸ್ತಕ ಬರೆದ. ಇವತ್ತು ನಾವು ವೇದವಾಕ್ಯದಂತೆ ಉಚ್ಚರಿಸುವ 'ಪ್ರಾಕ್ಸಿಮಲ್', 'ಡಿಸ್ಟಲ್' ಎಂಬ ಜೋಡಿ ಬಳಕೆಗೆ ಬಂದದ್ದು ಆ ಪ್ರಯತ್ನದಿಂದ. ಅಂದರೆ ಈ ಪದಗಳು ಆಕಾಶದಿಂದ ಇಳಿದವಲ್ಲ, ಒಬ್ಬ ಮೇಷ್ಟ್ರ ಬೇಸರದಿಂದ ಹುಟ್ಟಿದವು. ವಯಸ್ಸು ಇನ್ನೂರು ಚಿಲ್ಲರೆ ವರ್ಷ.

ಬಾರ್‌ಕ್ಲೇ ಹುಡುಕುತ್ತಿದ್ದದ್ದು ಕೋಣೆಗೆ ಅಂಟಿದ ದಿಕ್ಕಲ್ಲ, ದೇಹಕ್ಕೆ ಅಂಟಿದ ದಿಕ್ಕು. ಕನ್ನಡದ ಮನೆಗಳಲ್ಲಿ ಹಾಸಿಗೆ ಹಾಸುವಾಗ ಏನನ್ನುತ್ತಾರೆ? ತಲೆದೆಸೆ, ಕಾಲ್ದೆಸೆ. ಮಂಚವನ್ನು ಯಾವ ಕಡೆಗೆ ತಿರುಗಿಸಿ, ಮಲಗಿದವರನ್ನು ಎತ್ತಿ ನಿಲ್ಲಿಸಿ, ತಲೆದೆಸೆ ತಲೆದೆಸೆಯೇ. ಪ್ರಾಕ್ಸಿಮಲ್ ಡಿಸ್ಟಲ್‌ಗೆ ನಾವು ಮರದಿಂದ ಪಡೆದ ಜೋಡಿ ಇದೆ: ಬುಡ, ತುದಿ. 'ಬೆರಳ ಬುಡದಲ್ಲಿ ನೋವಾ, ತುದಿಯಲ್ಲಾ?' ಎಂದರೆ ನಾಲ್ಕು ವರ್ಷದ ಮಗುವೂ ಸರಿಯಾದ ಜಾಗ ತೋರಿಸುತ್ತದೆ. ಕೈಯನ್ನು ತಲೆಯ ಮೇಲೆತ್ತಿ ಹಿಡಿದರೂ ಬೆರಳ ಬುಡ ಬುಡವಾಗಿಯೇ ಇರುತ್ತದೆ, ಎತ್ತರದ ಲೆಕ್ಕ ಅದಕ್ಕಿಲ್ಲ. ಬಾರ್‌ಕ್ಲೇಗೆ ಬೇಕಾಗಿದ್ದದ್ದು ಇದೇ ಗುಣ.

ಮಲಗುವ ಭಂಗಿಗಳಿಗೆ ಅಂಗಾತ, ಬೋರಲು, ಮಗ್ಗುಲು. ಮೂರು ಪದ, ಒಂದರ ಜಾಗಕ್ಕೆ ಇನ್ನೊಂದು ಬಾರದು. ನರ್ಸಿಂಗ್ ಓದುವ ಹುಡುಗಿಯರು 'ಸುಪೈನ್' 'ಪ್ರೋನ್' ಯಾವುದು ಯಾವುದೆಂದು ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆಯುತ್ತಾರೆ. ಅದೇ ಹುಡುಗಿಯರು ಮನೆಯಲ್ಲಿ 'ಪಾಪು ಬೋರಲು ಬಿತ್ತು' ಎಂದು ಊರಿಗೆಲ್ಲ ಫೋನ್ ಮಾಡಿದವರು.

ಸೀಳುಗಳ ವಿಷಯಕ್ಕೆ ಬಂದರೆ ಪಾಠ ಮಾಡುವವರು ಗಾಜಿನ ಹಾಳೆಗಳ ಚಿತ್ರ ತೋರಿಸುತ್ತಾರೆ, ಹುಡುಗರು ಆಕಳಿಸುತ್ತಾರೆ. ನಾನು ಹೊಳೆಗೆ ಕರೆದುಕೊಂಡು ಹೋಗುತ್ತೇನೆ, ಮಾತಿನಲ್ಲಿ. ಎದೆಮಟ್ಟದ ನೀರಲ್ಲಿ ನಿಂತರೆ ನೀರಿನ ಮೈ ನಿಮ್ಮನ್ನು ಮೇಲಿನ ಪಾಲು, ಕೆಳಗಿನ ಪಾಲು ಎಂದು ಕೊಯ್ಯುತ್ತದೆ. ಅದು ಅಡ್ಡ ಸೀಳು. ಅಂಗಾತ ತೇಲಿದರೆ ಅದೇ ನೀರು ನಿಮ್ಮನ್ನು ಮುಂಭಾಗ, ಹಿಂಭಾಗ ಎಂದು ಬೇರೆ ಮಾಡುತ್ತದೆ. ಪುಸ್ತಕದವರು ಕೊರೋನಲ್ ಎನ್ನುವುದು ಅದನ್ನೇ. ಮಗ್ಗುಲಾಗಿ ತೇಲಿದರೆ ಎಡ, ಬಲ, ಅದು ಸ್ಯಾಜಿಟಲ್. ಅದರಲ್ಲೂ ನಟ್ಟನಡುವಿನ ಸೀಳು ಯಾವುದೆಂದು ಕೇಳಿದರೆ ಭೀಮ ಜರಾಸಂಧನನ್ನು ಹೇಗೆ ಸೀಳಿದ ಎಂದು ನೆನಪಿಸಿದರೆ ಸಾಕು. ಎರಡು ಹೋಳಾಗಿ ಹುಟ್ಟಿ, ಜರೆ ಎಂಬ ರಾಕ್ಷಸಿಯ ಕೈಯಲ್ಲಿ ಒಂದಾದವನು ಅದೇ ಗೆರೆಯಲ್ಲಿ ಮತ್ತೆ ಎರಡಾದ. ಒಂದು ಸಲ ಹೇಳಿದರೆ ಐದು ವರ್ಷ ಮರೆಯುವುದಿಲ್ಲ. ಸ್ಯಾಜಿಟಲ್ ಎಂಬುದರ ಮೂಲ ಲ್ಯಾಟಿನ್ನಿನ ಬಾಣ, ಕೊರೋನಲ್‌ನದು ಕಿರೀಟ. ಅವರೂ ಕಥೆ ಹೇಳಿಯೇ ಕಲಿಸಿದ್ದು, ನಮ್ಮವರಿಗೆ ಮಾತ್ರ ಕಥೆ ಬಿಟ್ಟು ಶಬ್ದ ಸಿಕ್ಕಿತು.

ಲ್ಯಾಟಿನ್ ಎಂದಾಗ ಒಂದು ಗುಟ್ಟು ಹೇಳಲೇಬೇಕು. ನಮ್ಮ ದೊಡ್ಡ ದೊಡ್ಡ ಸರ್ಜನ್ನರು ಗಂಭೀರವಾಗಿ ಉಚ್ಚರಿಸುವ ಹೆಸರುಗಳು ರೋಮನ್ನರ ಅಡುಗೆಮನೆ, ಅಂಗಳದಿಂದ ಎತ್ತಿದವು. ಟಿಬಿಯಾ ಎಂದರೆ ಕೊಳಲು. ಫಿಬ್ಯುಲಾ ಎಂದರೆ ಬಟ್ಟೆಗೆ ಚುಚ್ಚುವ ಪಿನ್ನು. ಪಟೆಲಾ ಪುಟ್ಟ ತಟ್ಟೆ, ಪೆಲ್ವಿಸ್ ಬೋಗುಣಿ, ಕ್ಲಾವಿಕಲ್ ಚಿಕ್ಕ ಕೀಲಿಕೈ, ಸೊಂಟದ ಕೀಲಿನ ಗುಳಿ ಅಸೆಟಾಬ್ಯುಲಮ್ ಎಂದರೆ ಊಟದ ಮೇಜಿನ ವಿನಿಗರ್ ಬಟ್ಟಲು. ತೊಡೆಯ ಮೇಲೆ ಓರೆಯಾಗಿ ಹಾದುಹೋಗುವ ಉದ್ದ ಸ್ನಾಯುವಿಗೆ ಸಾರ್ಟೋರಿಯಸ್, ಅಂದರೆ ದರ್ಜಿಯವನದು ಎಂದು ಹೆಸರು. ದರ್ಜಿ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ, ಹಾಗೆ ಕೂರಲು ಆ ಸ್ನಾಯು ಬೇಕು. ಮೀನಖಂಡ, ಕಿರುನಾಲಿಗೆ, ಮಂಡಿಚಿಪ್ಪು, ಬೆನ್ನಹುರಿ ಎಂದು ಹೆಸರಿಟ್ಟ ನಮ್ಮ ಪೂರ್ವಿಕರು ಮಾಡಿದ್ದೂ ಇದೇ ಕೆಲಸ. ಅವರದಾದರೆ ಶಾಸ್ತ್ರ, ನಮ್ಮದಾದರೆ ಹಳ್ಳಿಮಾತು!

ಯುರೋಪಿನವರು ಶಿಸ್ತು ತಂದದ್ದೂ ತಡವಾಗಿಯೇ. 1895ರಲ್ಲಿ ಬಾಸೆಲ್‌ನಲ್ಲಿ ಸೇರಿ ಪಟ್ಟಿ ಮಾಡುವ ಹೊತ್ತಿಗೆ ದೇಹದ ಭಾಗಗಳಿಗೆ ಸುಮಾರು 50,000 ಹೆಸರು ಚಲಾವಣೆಯಲ್ಲಿದ್ದವು; ಒಂದೇ ಅಂಗಕ್ಕೆ ಪ್ಯಾರಿಸಿನಲ್ಲೊಂದು, ಬರ್ಲಿನ್ನಿನಲ್ಲೊಂದು. ಅದನ್ನು ಐದೂವರೆ ಸಾವಿರಕ್ಕೆ ಇಳಿಸಿದರು. 1998ರ ಪಟ್ಟಿಯಲ್ಲೂ ತಿದ್ದುಪಡಿ ಆಯಿತು; ಕಾಲಿನ ಹೊರಮಗ್ಗುಲಿನ ಒಂದು ನರದ ಹಳೆಯ ಹೆಸರು, ಉಚ್ಚಾರದಲ್ಲಿ ಗುದದ್ವಾರದ ಬಳಿಯ ಜಾಗದ ಹೆಸರಿಗೆ ತೀರ ಹತ್ತಿರವಿತ್ತು, ಈಗ ಅದಕ್ಕೆ ಬೇರೆ ಹೆಸರಿಗೇ ಆದ್ಯತೆ. ಶಾಸ್ತ್ರದ ಭಾಷೆ ಎಂದರೆ ಹೀಗೆ ಕೂತು ಗೊತ್ತುಮಾಡಿಕೊಂಡ ಭಾಷೆ. ಯಾವ ಭಾಷೆಯಲ್ಲಾದರೂ ಕೂತರೆ ಆಗುತ್ತದೆ.

ಇಂಗ್ಲಿಷ್ ಪದಗಳು ನಿಖರ ಎನ್ನುವವರಿಗೆ ನನ್ನದೊಂದು ಪ್ರಶ್ನೆ. ಕೈಯನ್ನು ದೇಹದಿಂದ ದೂರ ಒಯ್ಯುವುದಕ್ಕೆ 'ಅಬ್ಡಕ್ಷನ್', ಹತ್ತಿರ ತರುವುದಕ್ಕೆ 'ಅಡ್ಡಕ್ಷನ್'. ತದ್ವಿರುದ್ಧದ ಎರಡು ಚಲನೆಗೆ ಒಂದೇ ಅಕ್ಷರದ ವ್ಯತ್ಯಾಸ. ಮಾಸ್ಕ್ ಹಾಕಿಕೊಂಡು ಹೇಳಿದರೆ ಬ್ರಹ್ಮನಿಗೂ ತಿಳಿಯದು. ಅದಕ್ಕೇ ಇಂಗ್ಲಿಷ್ ಬಲ್ಲ ವೈದ್ಯರೇ 'ಎ-ಬಿ-ಡಕ್ಷನ್', 'ಎ-ಡಿ-ಡಕ್ಷನ್' ಎಂದು ಅಕ್ಷರ ಬಿಡಿಸಿ ಹೇಳುತ್ತಾರೆ. ನಮ್ಮಲ್ಲಿ ಅಗಲಿಸು, ಕೂಡಿಸು. ಕಾಲಗಲಿಸಿ, ಕಾಲು ಕೂಡಿಸಿ. ಬೆರಳಗಲಿಸಿ, ಬೆರಳು ಕೂಡಿಸಿ. ಕಿವಿ ಮಂದವಾದ ತೊಂಬತ್ತರ ಮುದುಕರೂ ಇದನ್ನು ತಪ್ಪು ಕೇಳಿಸಿಕೊಂಡದ್ದಿಲ್ಲ.

ಚಲನೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಮುಂಗೈ ತಿರುಗಿಸುವುದು. ಮಣಿಕಟ್ಟಿನ ಮೂಳೆ ಮುರಿದು ಪ್ಲಾಸ್ಟರ್ ಬಿಚ್ಚಿದ ಮೇಲೆ ಅನೇಕರಿಗೆ ಅಂಗೈ ಮೇಲೆ ಮಾಡಲು ಬರುವುದಿಲ್ಲ. ರೋಗಿಗಳು ಅದನ್ನು ಹೇಳುವ ರೀತಿ ಕೇಳಿ: 'ತೀರ್ಥ ತಗೊಳ್ಳೋಕೆ ಆಗ್ತಿಲ್ಲ.' ಸಾಬರ ಅಜ್ಜನೊಬ್ಬರು 'ದುವಾಕ್ಕೆ ಕೈ ಬರ್ತಿಲ್ಲ ನೋಡಿ' ಎಂದರು. ಕಾಲೇಜಿನ ಹುಡುಗನಿಗೆ ಕಂಡಕ್ಟರ್ ಕೊಟ್ಟ ಚಿಲ್ಲರೆ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಮೂವರೂ ಹೇಳಿದ್ದು ಸುಪಿನೇಷನ್ ಕಡಿಮೆಯಾಗಿದೆ ಎಂದೇ. ಎಷ್ಟು ಕಡಿಮೆ, ಯಾವ ಕೆಲಸಕ್ಕೆ ಎಂಬುದೂ ಅದರಲ್ಲೇ ಬಂತು. ನಾನು ಕೊಡುವ ವ್ಯಾಯಾಮ: ಮೊಣಕೈ ಪಕ್ಕೆಗೆ ಒತ್ತಿಕೊಂಡು ತೀರ್ಥದ ಕೈ, ಆಮೇಲೆ ಮಗುಚಿದ ಕೈ, ಹೊತ್ತಿಗೆ ಇಪ್ಪತ್ತು ಸಲ. ಯಾರೂ ಮರಳಿ ಕೇಳಲಿಲ್ಲ.

ಇಷ್ಟು ಹೊತ್ತು ತಮಾಷೆಯಾಗಿ ಹೇಳುತ್ತ ಬಂದದ್ದನ್ನು ಇಲ್ಲಿ ನಿಲ್ಲಿಸುತ್ತೇನೆ. ಸೊಂಟದ ಕೀಲು ಬದಲಾಯಿಸಿಕೊಂಡ ಅರವತ್ತೆಂಟರ ಒಬ್ಬ ಅಮ್ಮ ಕೆಲವು ವರ್ಷಗಳ ಹಿಂದೆ ನನ್ನಲ್ಲಿಗೆ ಬಂದರು. ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆ ಚೆನ್ನಾಗಿಯೇ ಆಗಿತ್ತು. ಡಿಸ್ಚಾರ್ಜ್ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು: ತೊಂಬತ್ತು ಡಿಗ್ರಿ ಮೀರಿದ ಫ್ಲೆಕ್ಷನ್, ಅಡ್ಡಕ್ಷನ್, ಇಂಟರ್ನಲ್ ರೊಟೇಷನ್ ಮಾಡಬಾರದು. ಹಿಂಬದಿಯಿಂದ ಕೊಯ್ದು ಕೂರಿಸಿದ ಕೀಲಿಗೆ ಮೊದಲ ವಾರಗಳಲ್ಲಿ ಕೊಡುವ ಎಚ್ಚರಿಕೆ ಅದೇ. ಆ ಮೂರೂ ಒಟ್ಟಿಗೆ ಆದರೆ ಹೊಸ ಗುಂಡು ಗುಳಿಯಿಂದ ಹಿಂದಕ್ಕೆ ಜಾರುತ್ತದೆ. ಸಾಲು ಸರಿಯಾಗಿತ್ತು. ಓದಿದವರು ಯಾರು? ಪಿಯುಸಿ ಓದಿದ ಮಗ ಚೀಟಿಯನ್ನು ನೋಡಿ ಮಾತ್ರೆಯ ಲೆಕ್ಕ ಬರೆದುಕೊಂಡ. ಅಮ್ಮ ಮನೆಗೆ ಹೋದ ಹನ್ನೊಂದನೇ ದಿನ ಮಣೆಯ ಮೇಲೆ ಕೂತು ಅವರೆಕಾಯಿ ಸುಲಿದರು. ಏಳುವಾಗ ಕಾಲು ಒಳಕ್ಕೆ ತಿರುಚಿತು. ಎರಡನೇ ಸಲ ಅರಿವಳಿಕೆ, ಎರಡನೇ ಸಲ ಆಂಬುಲೆನ್ಸ್, ಮಾರಿದ ಎರಡು ಬಳೆ.

'ಮಣೆ ಮೇಲೆ, ನೆಲದ ಮೇಲೆ ಕೂರಬೇಡಿ. ಕೂತಾಗ ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು. ಕಾಲ ಮೇಲೆ ಕಾಲು ಹಾಕಬೇಡಿ, ಮಗ್ಗುಲಾಗಿ ಮಲಗಿದರೆ ಕಾಲುಗಳ ನಡುವೆ ದಿಂಬು ಇರಲಿ. ಹೆಬ್ಬೆರಳು ಒಳಗೆ ತಿರುಗುವಂತೆ ಕಾಲು ತಿರುಚಬೇಡಿ.' ನಾಲ್ಕು ವಾಕ್ಯ. ಇದನ್ನು ಬರೆಯಲು ಬಾರದ ವೈದ್ಯರು ಆ ಆಸ್ಪತ್ರೆಯಲ್ಲಿ ಇರಲಿಲ್ಲ ಎಂದೇ ನನ್ನ ನಂಬಿಕೆ, ಅರ್ಧಕ್ಕರ್ಧ ಕನ್ನಡದವರೇ. ಬರೆಯಬೇಕು ಎಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಅನಾಟಮಿಯನ್ನು ಒಂದು ಭಾಷೆಯಲ್ಲಿ ಕಲಿತು, ರೋಗಿಯ ಹತ್ತಿರ ಇನ್ನೊಂದರಲ್ಲಿ ಮಾತಾಡಬೇಕಾದವರು ನಡುವಿನ ಸೇತುವೆಯನ್ನು ತಾವೇ ಕಟ್ಟಿಕೊಳ್ಳಬೇಕು. ಪುರುಸೊತ್ತಿದ್ದವರು ಕಟ್ಟುತ್ತಾರೆ.

ಇನ್ನು ನಮ್ಮ ಕಡೆಯವರ ತಪ್ಪಿಗೆ ಬರುತ್ತೇನೆ. ಕನ್ನಡದಲ್ಲಿ ವೈದ್ಯಕೀಯ ಬರಬೇಕು ಎಂದು ದುಡಿದ ಹಿರಿಯರಿದ್ದಾರೆ, ಡಾ. ಡಿ.ಎಸ್. ಶಿವಪ್ಪನವರಂಥವರ ಶ್ರಮದ ಮೇಲೆ ನನಗೆ ಗೌರವವಿದೆ. 'ತಾಯಿ-ಮಗು' ಬರೆದ ಡಾ. ಅನುಪಮಾ ನಿರಂಜನರು ಬಸುರಿ ಬಾಣಂತಿಯರಿಗೆ ಅವರದೇ ಮಾತಿನಲ್ಲಿ ದೇಹ ತೋರಿಸಿದರು. ಆದರೆ ಪಾರಿಭಾಷಿಕ ಪದ ಎಂದ ಕೂಡಲೇ ಸಂಸ್ಕೃತದ ಬಾವಿಗೆ ಹಗ್ಗ ಬಿಡುವ ಚಟವೊಂದು ಇದೆಯಲ್ಲ, ಅದು ಇಂಗ್ಲಿಷ್ ವ್ಯಾಮೋಹದಷ್ಟೇ ಹಾನಿ ಮಾಡಿದೆ. ಹಿಂದಿಯ ಪರಿಭಾಷೆಯಲ್ಲಿ ಅಬ್ಡಕ್ಷನ್‌ಗೆ 'ಅಪವರ್ತನ' ಎನ್ನುತ್ತಾರೆ. ಅದನ್ನೇ ಕನ್ನಡಕ್ಕೆ ಇಳಿಸಿಕೊಳ್ಳೋಣ ಎಂದು ಒಂದು ಸಭೆಯಲ್ಲಿ ಸಲಹೆ ಬಂತು. ಸ್ವಾಮಿ, ನಮ್ಮ ಐದನೇ ಕ್ಲಾಸಿನ ಮಗುವಿಗೆ ಅಪವರ್ತನ ಎಂದರೆ 12ಕ್ಕೆ 1, 2, 3, 4, 6, 12! ಅದರ ಜೋಡಿ 'ಅಭಿವರ್ತನ'. ಮತ್ತೆ ಅದೇ ಅಬ್ಡಕ್ಷನ್ ಅಡ್ಡಕ್ಷನ್ ಗೋಳು, ಈ ಸಲ ದೇವಭಾಷೆಯಲ್ಲಿ.

ಸಂಸ್ಕೃತದಲ್ಲಿ ಇಂಥ ಯೋಚನೆ ಇರಲಿಲ್ಲ ಎಂದಲ್ಲ. ವೈಶೇಷಿಕರು ಚಲನೆಯನ್ನು ಐದಾಗಿ ವಿಂಗಡಿಸಿದಾಗ ಆಕುಂಚನ, ಪ್ರಸಾರಣ ಎಂಬ ಎರಡನ್ನು ಸೇರಿಸಿದ್ದರು, ಮಡಚುವುದು ಮತ್ತು ಚಾಚುವುದು. ಯೋಗದಲ್ಲಿ ಪಶ್ಚಿಮೋತ್ತಾನಾಸನ ಎಂದರೆ ದೇಹದ ಪಶ್ಚಿಮವನ್ನು, ಅಂದರೆ ಬೆನ್ನ ಕಡೆಯನ್ನು ಹಿಗ್ಗಿಸುವುದು. ಪೂರ್ವಕ್ಕೆ ಮುಖ ಮಾಡಿ ಕೂತವನ ಲೆಕ್ಕ ಅದು. ಸೊಗಸಾದ ಪದಗಳು. ಆದರೆ ಲಕ್ವ ಹೊಡೆದು ಬಲಗೈ ಎತ್ತಲಾಗದ ರೈತನಿಗೆ 'ಆಕುಂಚನ ಮಾಡಿ' ಎಂದರೆ ನಾನು ಮಂತ್ರ ಹೇಳಿದೆನೆಂದು ಅವನು ಕೈಮುಗಿಯಲು ನೋಡಿಯಾನು. ಇತ್ತ ಅಚ್ಚಗನ್ನಡದವರು ತಮ್ಮದೇ ಟಂಕಸಾಲೆ ತೆರೆದಿದ್ದಾರೆ. ಡಿ.ಎನ್. ಶಂಕರ ಭಟ್ಟರ ವಾದದಲ್ಲಿ ನನಗೆ ಒಪ್ಪಿಗೆಯಾಗುವುದು ಬಹಳಷ್ಟಿದೆ, ಆದರೆ ಮೇಜಿನ ಮುಂದೆ ಕೂತು ಹೊಸೆದ ಪದ ಅಚ್ಚಗನ್ನಡದ್ದಾದರೂ ವಾರ್ಡಿಗೆ ಅಪರಿಚಿತವೇ. ನನ್ನ ಪರೀಕ್ಷೆ ಒಂದೇ: ಹೇಳಿದ ತಕ್ಷಣ ರೋಗಿಯ ಕೈ ಸರಿಯಾದ ಕಡೆಗೆ ಚಲಿಸುತ್ತದೆಯೇ?

ಜನರ ಮಾತಿನಲ್ಲಿ ತೊಡಕಿಲ್ಲವೇ? ಇದೆ. ಕೈ ಎಂದರೆ ಹೆಗಲಿನಿಂದ ಬೆರಳ ತುದಿಯ ತನಕ ಎಲ್ಲವೂ ಕೈ. ಕಾಲಿನದೂ ಅದೇ ಕಥೆ. ಮುಂಗೈ ಎಂದರೆ ಕೆಲವರಿಗೆ ಮೊಣಕೈಯಿಂದ ಕೆಳಗೆ, ಕೆಲವರಿಗೆ ಮಣಿಕಟ್ಟು. 'ಒಳಗೆ' ಎಂಬುದಕ್ಕೆ ಎರಡು ಕೆಲಸ, ನಡುಗೆರೆಯ ಕಡೆ ಎಂದೂ ಆಗುತ್ತದೆ, ಚರ್ಮದಿಂದ ಆಳ ಎಂದೂ ಆಗುತ್ತದೆ. ಇದಕ್ಕೆ ಮದ್ದು ಇಂಗ್ಲಿಷಿನವರೇ ತೋರಿಸಿದ್ದಾರೆ. ಅವರ ಮನೆಮಾತಿನಲ್ಲಿ 'ಆರ್ಮ್' ಎಂದರೆ ಇಡೀ ಕೈ, 'ಲೆಗ್' ಎಂದರೆ ಇಡೀ ಕಾಲು. ಅನಾಟಮಿಯಲ್ಲಿ ಆರ್ಮ್ ಎಂದರೆ ಹೆಗಲಿನಿಂದ ಮೊಣಕೈವರೆಗೆ ಮಾತ್ರ, ಲೆಗ್ ಎಂದರೆ ಮಂಡಿಯಿಂದ ಕಣಕಾಲಿನವರೆಗೆ ಮಾತ್ರ. ಬಳಕೆಯ ಪದವನ್ನೇ ತೆಗೆದುಕೊಂಡು ಬೇಲಿ ಹಾಕಿದರು. ನಾವೂ ತೋಳು ಎಂದರೆ ಇಲ್ಲಿಂದ ಇಲ್ಲಿಗೆ, ಮುಂಗೈ ಎಂದರೆ ಇಲ್ಲಿಂದ ಇಲ್ಲಿಗೆ, ಒಳಮಗ್ಗುಲು ಎಂದರೆ ನಡುಗೆರೆಯ ಕಡೆ, ಆಳ ಎಂದರೆ ಚರ್ಮದಿಂದ ದೂರ ಎಂದು ಬೇಲಿ ಹಾಕಬಹುದು. ಕಲಬುರಗಿಯ ಒಬ್ಬ ನರ್ಸು, ಮಂಗಳೂರಿನ ಒಬ್ಬ ಫಿಸಿಯೋ, ಚಾಮರಾಜನಗರದ ಒಬ್ಬ ಆಶಾ ಕಾರ್ಯಕರ್ತೆ, ಬೆಂಗಳೂರಿನ ಒಬ್ಬ ಅನಾಟಮಿ ಪ್ರಾಧ್ಯಾಪಕರು ಒಂದು ಮೇಜಿನ ಸುತ್ತ ಕೂತರೆ ನಾಲ್ಕೈದು ದಿನದ ಕೆಲಸ. ಬೇಕಾದ ಪದ ಐದು ಸಾವಿರವಲ್ಲ. ದಿಕ್ಕು, ಭಂಗಿ, ಚಲನೆ ಎಲ್ಲ ಸೇರಿ ಅರವತ್ತು ಎಪ್ಪತ್ತು.

ಎಂಬಿಬಿಎಸ್ ಅನ್ನೇ ಕನ್ನಡದಲ್ಲಿ ಮಾಡಿ ಎಂದು ನಾನು ಕೇಳುತ್ತಿಲ್ಲ. 2022ರ ಅಕ್ಟೋಬರಿನಲ್ಲಿ ಭೋಪಾಲದಲ್ಲಿ ಹಿಂದಿ ವೈದ್ಯಕೀಯ ಪಠ್ಯಗಳನ್ನು ಅಬ್ಬರದಿಂದ ಬಿಡುಗಡೆ ಮಾಡಿದರು, ಅನಾಟಮಿಯೂ ಅದರಲ್ಲಿತ್ತು. ಪಾರಿಭಾಷಿಕ ಪದಗಳಲ್ಲಿ ಬಹಳಷ್ಟು ಇಂಗ್ಲಿಷಿನವೇ, ದೇವನಾಗರಿ ಅಂಗಿ ತೊಟ್ಟಿದ್ದವು. ವೈದ್ಯರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಅದು ಸಾಕು, ತಪ್ಪೇನಿಲ್ಲ. ರೋಗಿಗೆ ಅದರಿಂದ ಸಿಕ್ಕಿದ್ದು ಏನೂ ಇಲ್ಲ. ಇದಕ್ಕಿಂತ ನನಗೆ ಪ್ರಿಯವಾದವರು ಹತ್ತೊಂಬತ್ತನೇ ಶತಮಾನದಲ್ಲಿ ಜಾಫ್ನಾದ ಮಾನಿಪಾಯಿಯಲ್ಲಿದ್ದ ಅಮೆರಿಕನ್ ಮಿಷನರಿ ವೈದ್ಯ ಸ್ಯಾಮುಯೆಲ್ ಗ್ರೀನ್. ಆತ ತಾನೇ ತಮಿಳು ಕಲಿತು, ಅನಾಟಮಿಯ ಪಠ್ಯವನ್ನು ತಮಿಳಿಗೆ ತಂದು, ಅದೇ ಭಾಷೆಯಲ್ಲಿ ಹುಡುಗರಿಗೆ ವೈದ್ಯ ಕಲಿಸಿದ. ಹೊರಗಿನಿಂದ ಬಂದವನಿಗೆ ಸಾಧ್ಯವಾದದ್ದು ಒಳಗಿರುವ ನಮಗೆ ಏಕೆ ಅಸಾಧ್ಯ ಎಂದು ಕೇಳಿದರೆ ನಮ್ಮ ಪ್ರಾಧ್ಯಾಪಕರು ಗಡಿಯಾರ ನೋಡಿಕೊಳ್ಳುತ್ತಾರೆ.

2019ರಿಂದ ಎಂಬಿಬಿಎಸ್‌ನ ಮೊದಲ ವರ್ಷದ ಆರಂಭದಲ್ಲೇ ಫೌಂಡೇಷನ್ ಕೋರ್ಸ್ ಇದೆ, ಅದರಲ್ಲಿ ಸ್ಥಳೀಯ ಭಾಷೆಗೂ ಜಾಗವಿದೆ. ನಾನು ಕಂಡ ತರಗತಿಯಲ್ಲಿ 'ನಿಮ್ಮ ಹೆಸರೇನು', 'ಊಟ ಆಯಿತೇ' ಹೇಳಿಕೊಡುತ್ತಿದ್ದರು. ಊಟ ಆಮೇಲೆ ಆಗಲಿ. ಅದೇ ಗಂಟೆಗಳಲ್ಲಿ ಅಂಗಾತ, ಬೋರಲು, ಮಗ್ಗುಲು ಕಲಿಸಿ. ಮಡಚಿ, ಚಾಚಿ, ಅಗಲಿಸಿ, ಕೂಡಿಸಿ ಕಲಿಸಿ. ಕೇರಳದಿಂದ ಬಂದ ಹುಡುಗಿಯೂ ಬಿಹಾರದಿಂದ ಬಂದ ಹುಡುಗನೂ ಒಂದೇ ವಾರದಲ್ಲಿ ಕಲಿಯುತ್ತಾರೆ, ಏಕೆಂದರೆ ಪ್ರತಿ ಪದಕ್ಕೂ ಅವರದೇ ಮೈ ಎದುರಿಗಿದೆ. ಅನಾಟಮಿ ಪರೀಕ್ಷೆಯ ಮೌಖಿಕದಲ್ಲಿ ಎರಡು ಅಂಕ ಇದಕ್ಕಿಡಿ: 'ಸೊಂಟದ ಕೀಲು ಬದಲಾಯಿಸಿದ ಅಜ್ಜಿಗೆ ಏನು ಮಾಡಬಾರದೆಂದು ಕನ್ನಡದಲ್ಲಿ ಹೇಳು.' ಅಂಕ ಇಲ್ಲದ ವಿಷಯ ನಮ್ಮ ದೇಶದಲ್ಲಿ ಯಾರೂ ಓದುವುದಿಲ್ಲ ಎಂಬುದು ನನಗೂ ಗೊತ್ತು.

ಡಿಸ್ಚಾರ್ಜ್ ಚೀಟಿ ನಾಳೆ ಕೋರ್ಟಿಗೆ ಹೋಗಬಹುದಾದ ದಾಖಲೆ, ವಿಮೆಯವರು ಕೇಳುತ್ತಾರೆ, ಇಂಗ್ಲಿಷಿನಲ್ಲೇ ಇರಬೇಕು ಎಂದು ಆಸ್ಪತ್ರೆಯ ಆಡಳಿತದವರೊಬ್ಬರು ನನಗೆ ತಿಳಿಹೇಳಿದರು. ಇರಲಿ, ಅವರ ಇಂಗ್ಲಿಷ್ ಮುಂಬದಿಯಲ್ಲಿ ಹಾಗೇ ಇರಲಿ. ನನ್ನ ಹತ್ತಿರ ಬರುವ ಚೀಟಿಗಳ ಹಿಂಬದಿ ಯಾವಾಗಲೂ ಖಾಲಿ. ನಾನು ಅಲ್ಲಿ ಪೆನ್ನಿನಲ್ಲಿ ಬರೆದುಕೊಡುತ್ತೇನೆ, ದೊಡ್ಡ ಅಕ್ಷರದಲ್ಲಿ, ಅಡಿಯಲ್ಲಿ ಮಣೆಯ ಚಿತ್ರ ಬರೆದು ಅದರ ಮೇಲೊಂದು ಕಾಟು ಹೊಡೆದು.